ಶಾಲಾ ಅನುದಾನದ ಸೂತ್ರ: ಎಷ್ಟು ವರ್ಷಗಳಿಗೊಮ್ಮೆ ಪರಿಷ್ಕರಣೆ?
(ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ)

ನಮ್ಮ ವ್ಯಾಪಾರಿ ಬಾಂಧವರಿಗೆ ಚಿರಪರಿಚಿತವಾದ ಒಂದು ಕ್ರಮವಿದೆ. ಅಂಗಡಿಯಲ್ಲಿರುವ ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಬೇಕು. ಕಬ್ಬಿಣದ ತೂಕದ ಬಟ್ಟುಗಳಿಗೆ ಎರಡು ವರ್ಷಕ್ಕೊಮ್ಮೆ ಮುದ್ರೆಯಾದರೆ ಸಾಕು. ದೊಡ್ಡ ಸಂಗ್ರಹಣಾ ಟ್ಯಾಂಕುಗಳ ಅಳತೆಯನ್ನು ಐದು ವರ್ಷಕ್ಕೊಮ್ಮೆ ಪರಿಶೀಲಿಸಿದರೆ ನಡೆಯುತ್ತದೆ. ಯಾವ ಸಾಧನ ಎಷ್ಟು ಬೇಗ ಸವೆಯುತ್ತದೆಯೋ, ಎಷ್ಟು ಬೇಗ ತಪ್ಪು ತೋರಿಸತೊಡಗುತ್ತದೆಯೋ ಅದಕ್ಕೆ ತಕ್ಕಂತೆ ಪರಿಶೀಲನೆಯ ಅವಧಿಯನ್ನು ಕಾನೂನು ನಿಗದಿಪಡಿಸಿದೆ. ಎಲ್ಲಕ್ಕೂ ಒಂದೇ ಅವಧಿಯನ್ನು ಅದು ಹೇಳಿಲ್ಲ. ಯಾವುದನ್ನೂ ಪರಿಶೀಲನೆಯಿಂದ ಬಿಟ್ಟೂ ಇಲ್ಲ.

ಸರ್ಕಾರವು ತನ್ನ ಶಾಲೆಗಳಿಗೆ ಹಣ ಹಂಚುವ ಸೂತ್ರವೂ ಇಂತಹ ಒಂದು ತಕ್ಕಡಿಯೇ ಆಗಿದೆ. ಯಾವ ಶಾಲೆಗೆ ಎಷ್ಟು, ಯಾವ ತಾಲ್ಲೂಕಿಗೆ ಎಷ್ಟು, ಮಗುವೊಂದರ ಮಧ್ಯಾಹ್ನದ ಊಟಕ್ಕೆ ಎಷ್ಟು ಎಂಬುದನ್ನು ಅದು ತೂಗುತ್ತದೆ. ಈ ತಕ್ಕಡಿಗೆ ಎಷ್ಟು ವರ್ಷಕ್ಕೊಮ್ಮೆ ಮುದ್ರೆ ಬೀಳಬೇಕು? ಈ ಪ್ರಶ್ನೆಯು ಶಿಕ್ಷಣ ಇಲಾಖೆಯ ಕಡತಗಳಿಗಷ್ಟೇ ಸಂಬಂಧಿಸಿದ್ದೆಂದು ವ್ಯಾಪಾರಸ್ಥರು ಭಾವಿಸಬಾರದು. ಪೇಟೆಗೆ ನಾಳೆ ಬರುವ ಗುಮಾಸ್ತ, ಲೆಕ್ಕಿಗ, ಕುಶಲ ಕಾರ್ಮಿಕ, ಗ್ರಾಹಕ ಎಲ್ಲರೂ ಇಂದು ಕುಳಿತಿರುವುದು ಈ ಶಾಲೆಗಳ ಕೊಠಡಿಗಳಲ್ಲಿಯೇ.

ಸೂತ್ರದ ನಾಲ್ಕು ಅಂಗಗಳು

ಯಾವುದೇ ಅನುದಾನ ಸೂತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಅಂಗಗಳಿರುತ್ತವೆ. ಮೊದಲನೆಯದು ದರ, ಅಂದರೆ ಒಂದು ಮಗುವಿಗೆ ಅಥವಾ ಒಂದು ಶಾಲೆಗೆ ಇಷ್ಟು ರೂಪಾಯಿ ಎಂಬ ಮೊತ್ತ. ಎರಡನೆಯದು ಎಣಿಕೆ, ಅಂದರೆ ಮಕ್ಕಳ ಸಂಖ್ಯೆ. ಮೂರನೆಯದು ತೂಕ, ಅಂದರೆ ಹಿಂದುಳಿದ ಪ್ರದೇಶಕ್ಕೆ ಅಥವಾ ಚಿಕ್ಕ ಶಾಲೆಗೆ ನೀಡುವ ಹೆಚ್ಚಿನ ಪ್ರಾಧಾನ್ಯ. ನಾಲ್ಕನೆಯದು ತಳಹದಿ, ಅಂದರೆ ಯಾವ ಘಟಕವನ್ನು ಅಳೆಯಬೇಕು, ಯಾವ ಸೂಚಕಗಳಿಂದ ಅಳೆಯಬೇಕು ಎಂಬ ಮೂಲ ನಿರ್ಧಾರ. ಈ ನಾಲ್ಕೂ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಬೆಲೆ ತಿಂಗಳಿಗೊಮ್ಮೆ ಬದಲಾಗುತ್ತದೆ, ಮಕ್ಕಳ ಸಂಖ್ಯೆ ವರ್ಷಕ್ಕೊಮ್ಮೆ ಬದಲಾಗುತ್ತದೆ. ಒಂದು ತಾಲ್ಲೂಕಿನ ಹಿಂದುಳಿದಿರುವಿಕೆ ಬದಲಾಗಲು ಹಲವು ವರ್ಷಗಳೇ ಬೇಕು. ಆದ್ದರಿಂದ ಪರಿಷ್ಕರಣೆ ಎಷ್ಟು ವರ್ಷಕ್ಕೊಮ್ಮೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿರಲಾರದು.

ದರ: ಬಿಸಿಯೂಟದ ಪಾಠ

ದರದ ಪರಿಷ್ಕರಣೆಗೆ ಉತ್ತಮ ನಿದರ್ಶನವೆಂದರೆ ಅಕ್ಷರ ದಾಸೋಹ. ಈ ಯೋಜನೆಯಡಿ ಅಕ್ಕಿಯ ಹೊರತಾಗಿ ಬೇಳೆ, ಎಣ್ಣೆ, ತರಕಾರಿ, ಇಂಧನ ಮುಂತಾದವುಗಳಿಗೆ ಪ್ರತಿ ಮಗುವಿಗೆ ಪ್ರತಿದಿನ ಇಂತಿಷ್ಟೆಂದು ಕೇಂದ್ರ ಸರ್ಕಾರವು ಪರಿವರ್ತನಾ ವೆಚ್ಚವನ್ನು ನಿಗದಿಪಡಿಸುತ್ತದೆ. ಅದನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಭರಿಸುತ್ತವೆ. 2010ರ ಏಪ್ರಿಲ್‌ನಲ್ಲಿ ಕಿರಿಯ ಪ್ರಾಥಮಿಕ ಹಂತದ ಮಗುವಿಗೆ ಈ ದರ 2.69 ರೂ. ಇತ್ತು. ಪ್ರತಿ ವರ್ಷ ಶೇ. 7.5ರಷ್ಟು ಹೆಚ್ಚಿಸುವ ಕ್ರಮವನ್ನು ಅನುಸರಿಸಿದ್ದರಿಂದ 2015ರ ಹೊತ್ತಿಗೆ ಅದು 3.86 ರೂ. ಆಯಿತು. ಅಡುಗೆಯವರಿಗೂ ಮುಖ್ಯೋಪಾಧ್ಯಾಯರಿಗೂ ಮುಂದಿನ ವರ್ಷದ ದರವನ್ನು ಮೊದಲೇ ಅಂದಾಜು ಮಾಡಲು ಸಾಧ್ಯವಿತ್ತು.

ಅನಂತರ ಈ ಕ್ರಮ ಸಡಿಲವಾಯಿತು. 2020ರ ಏಪ್ರಿಲ್‌ನಲ್ಲಿ 4.97 ರೂ. ಆಗಿದ್ದ ದರ 2022ರ ಅಕ್ಟೋಬರ್‌ನಲ್ಲಿ 5.45 ರೂ. ಆಗುವವರೆಗೆ ಮೂವತ್ತು ತಿಂಗಳು ಹಾಗೆಯೇ ನಿಂತಿತು. ಮುಂದಿನ ಪರಿಷ್ಕರಣೆಗೆ 2024ರ ಡಿಸೆಂಬರ್‌ವರೆಗೆ, ಅಂದರೆ ಮತ್ತೆ ಇಪ್ಪತ್ತಾರು ತಿಂಗಳು ಕಾಯಬೇಕಾಯಿತು. ಆಗ ದರ 6.19 ರೂ.ಗೆ ಏರಿತು. ಅದಾದ ಐದೇ ತಿಂಗಳಲ್ಲಿ, 2025ರ ಮೇ 1ರಿಂದ, 6.78 ರೂ. ಆಯಿತು. ಹಿರಿಯ ಪ್ರಾಥಮಿಕ ಹಂತದಲ್ಲಿಯೂ ಇದೇ ದಿನಾಂಕಗಳಲ್ಲಿ ದರವು 7.45ರಿಂದ 8.17, 9.29, 10.17 ರೂ. ಎಂದು ಏರುತ್ತ ಬಂದಿತು.

ಈ ಅವಧಿಯಲ್ಲಿ ಖಾದ್ಯ ತೈಲ ಮತ್ತು ತೊಗರಿಬೇಳೆಯ ಧಾರಣೆ ಹೇಗಿತ್ತೆಂಬುದನ್ನು ಕಿರಾಣಿ ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದ ದಿನಗಳನ್ನು ಬಿಟ್ಟರೂ, ಉಳಿದ ದಿನಗಳಲ್ಲಿ ಹಳೆಯ ದರದಲ್ಲಿ ಹೊಸ ಬೆಲೆಯ ಸಾಮಾನು ತರಬೇಕಾಗಿತ್ತು. ಇದರ ಭಾರವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ನೂರು ಮಕ್ಕಳಿರುವ ಒಂದು ಶಾಲೆಯಲ್ಲಿ ಮಗುವಿಗೆ 48 ಪೈಸೆಯ ಪರಿಷ್ಕರಣೆ ಒಂದು ವರ್ಷ ತಡವಾದರೆ ದಿನಕ್ಕೆ 48 ರೂ., 220 ದಿನಗಳಿಗೆ 10,560 ರೂ. ಕೊರತೆಯಾಗುತ್ತದೆ. ಅಂತಹ ಶಾಲೆಗೆ ಸಮಗ್ರ ಶಿಕ್ಷಾ ಯೋಜನೆಯಡಿ ನಿಗದಿಯಾಗಿದ್ದ ವಾರ್ಷಿಕ ಅನುದಾನವೇ 25,000 ರೂ. ಎಂಬುದನ್ನು ನೆನೆದರೆ 48 ಪೈಸೆಯ ಮಹತ್ವ ಮನವರಿಕೆಯಾದೀತು.

ಮೊಟ್ಟೆಯ ವಿಷಯವೂ ಹೀಗೆಯೇ. 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ, ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ವಿತರಿಸುವ ಕಾರ್ಯಕ್ರಮವನ್ನು ವಿಸ್ತರಿಸಲಾಯಿತು. ಮೊಟ್ಟೆಯೊಂದಕ್ಕೆ 6 ರೂ. ಎಂದು ದರ ಕಟ್ಟಲಾಯಿತು. ಮೊಟ್ಟೆಯ ಪೇಟೆ ಧಾರಣೆ ಚಳಿಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಪೇಟೆ ಏರಿದ ತಿಂಗಳುಗಳಲ್ಲಿ ವ್ಯತ್ಯಾಸವನ್ನು ಯಾರಾದರೂ ಭರಿಸಲೇಬೇಕು. ಹಾಗೆ ಭರಿಸುವವರು ಬಹುಮಟ್ಟಿಗೆ ಮುಖ್ಯೋಪಾಧ್ಯಾಯರೇ ಆಗಿರುತ್ತಾರೆ. ಪರಿಷ್ಕರಣೆಯಾಗದ ದರ ಎಂದರೆ ಸದ್ದಿಲ್ಲದೆ ಕಡಿತವಾದ ದರ ಎಂದೇ ತಿಳಿಯಬೇಕು.

ಎಣಿಕೆ: ಮೆಟ್ಟಿಲುಗಳ ತೊಡಕು

ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಶಾಲೆಗಳಿಗೆ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಸಣ್ಣ ಮೊತ್ತಗಳು ಬರುತ್ತಿದ್ದವು. ಶಿಕ್ಷಕರೊಬ್ಬರಿಗೆ ಕಲಿಕೋಪಕರಣಕ್ಕಾಗಿ ವರ್ಷಕ್ಕೆ 500 ರೂ. ನೀಡುವ ವ್ಯವಸ್ಥೆಯು ಅಭಿಯಾನದ ಆರಂಭದ ವರ್ಷಗಳಲ್ಲಿ ಇತ್ತು. 2011ರಲ್ಲಿ ಪರಿಷ್ಕೃತ ಚೌಕಟ್ಟು ಪ್ರಕಟವಾದಾಗಲೂ ಅದು 500 ರೂ. ಆಗಿಯೇ ಇತ್ತು. ಹತ್ತು ವರ್ಷಗಳಲ್ಲಿ ಸೀಮೆಸುಣ್ಣ, ಡ್ರಾಯಿಂಗ್ ಹಾಳೆ, ಬಣ್ಣಗಳ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ನಮ್ಮ ಸ್ಟೇಷನರಿ ವರ್ತಕರೇ ಹೇಳಬಲ್ಲರು.

2018-19ರಲ್ಲಿ ಸಮಗ್ರ ಶಿಕ್ಷಾ ಯೋಜನೆ ಜಾರಿಗೆ ಬಂದ ಮೇಲೆ ಸಂಯುಕ್ತ ಶಾಲಾ ಅನುದಾನವು ಮಕ್ಕಳ ಸಂಖ್ಯೆಗೆ ತಕ್ಕಂತೆ ನಿಗದಿಯಾಯಿತು. 2021ರಿಂದ 2026ರ ಮಾರ್ಚ್‌ವರೆಗಿನ ಅವಧಿಗಾಗಿ ಮಾಡಿದ ಪರಿಷ್ಕರಣೆಯಲ್ಲಿ 30 ಮಕ್ಕಳವರೆಗಿನ ಶಾಲೆಗೆ 10,000 ರೂ., 31ರಿಂದ 100ರವರೆಗೆ 25,000 ರೂ., 101ರಿಂದ 250ರವರೆಗೆ 50,000 ರೂ., 251ರಿಂದ 1,000ದವರೆಗೆ 75,000 ರೂ., ಅದಕ್ಕೂ ಮಿಕ್ಕಿದರೆ 1 ಲಕ್ಷ ರೂ. ಎಂದು ಗೊತ್ತುಪಡಿಸಲಾಯಿತು. ಇಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದಾಗಿ, 2018ರಲ್ಲಿ 101ರಿಂದ 250 ಮಕ್ಕಳ ಶಾಲೆಗೆ ಇದ್ದ 50,000 ರೂ. 2021ರಲ್ಲಿಯೂ ಬದಲಾಗಲಿಲ್ಲ. ಎರಡನೆಯದಾಗಿ, ಈ ಸೂತ್ರವು ಇಳಿಜಾರಾಗಿರದೆ ಮೆಟ್ಟಿಲುಗಳಂತಿದೆ. ಮೂವತ್ತೊಂದನೆಯ ಮಗು ಶಾಲೆ ಬಿಟ್ಟರೆ ಅನುದಾನ 25,000ದಿಂದ 10,000 ರೂ.ಗೆ ಕುಸಿಯುತ್ತದೆ, ಮಾಡಿನ ಹಂಚು, ಶೌಚಾಲಯದ ದುರಸ್ತಿ, ಕುಡಿಯುವ ನೀರಿನ ಖರ್ಚು ಮಾತ್ರ ಒಂದು ರೂಪಾಯಿಯಷ್ಟೂ ಕಡಿಮೆಯಾಗುವುದಿಲ್ಲ. ಶಿಗ್ಗಾಂವಿ, ಸವಣೂರುಗಳಂತಹ ಕಡೆ ಕನ್ನಡ ಮಾಧ್ಯಮದ ಶಾಲೆಯೂ ಉರ್ದು ಮಾಧ್ಯಮದ ಶಾಲೆಯೂ ಒಂದೇ ಊರಿನಲ್ಲಿರುವುದುಂಟು. ಎರಡರಲ್ಲಿಯೂ ತಲಾ 28 ಮಕ್ಕಳಿದ್ದರೆ ಒಟ್ಟು 20,000 ರೂ. ಬರುತ್ತದೆ; ಅದೇ 56 ಮಕ್ಕಳು ಒಂದೇ ಶಾಲೆಯಲ್ಲಿದ್ದರೆ 25,000 ರೂ. ಬರುತ್ತದೆ. ನಿರ್ವಹಿಸಬೇಕಾದ ಕಟ್ಟಡಗಳು ಎರಡಾದಾಗ ಹಣ ಕಡಿಮೆ, ಒಂದಾದಾಗ ಹಣ ಹೆಚ್ಚು! ಮಲೆನಾಡಿನ ಅಂಚಿನಲ್ಲಿರುವ ಹಾನಗಲ್ಲಿನ ಪಶ್ಚಿಮ ಭಾಗದಲ್ಲಿ ಮಳೆಯ ಹೊಡೆತಕ್ಕೆ ಮಾಡು ಬೇಗ ಹಾಳಾಗುತ್ತದೆ; ಬಯಲು ಸೀಮೆಯ ಶಾಲೆಗೂ ಆ ಶಾಲೆಗೂ ಸೂತ್ರದಲ್ಲಿ ವ್ಯತ್ಯಾಸವಿಲ್ಲ.

ಮಕ್ಕಳ ಎಣಿಕೆಗಾಗಿ ಹತ್ತು ವರ್ಷ ಕಾಯುವ ಅಗತ್ಯವೂ ಈಗ ಇಲ್ಲ. ಯು-ಡೈಸ್ ವ್ಯವಸ್ಥೆಯಲ್ಲಿ ಪ್ರತಿ ಶಾಲೆಯ ದಾಖಲಾತಿ, ಕೊಠಡಿ, ಶಿಕ್ಷಕರ ಸಂಖ್ಯೆ ವರ್ಷವರ್ಷವೂ ದಾಖಲಾಗುತ್ತದೆ. ಮಾಹಿತಿ ಕೈಯಲ್ಲಿರುವಾಗ ಸೂತ್ರವನ್ನು ಹಳೆಯ ಮೆಟ್ಟಿಲುಗಳ ಮೇಲೆಯೇ ನಿಲ್ಲಿಸುವುದು ಸಮಂಜಸವಲ್ಲ.

ತೂಕ: ನಂಜುಂಡಪ್ಪ ವರದಿ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡಿತು. ಮೂರು ವರ್ಷಗಳ ಅನಂತರ ರಾಜ್ಯ ಸರ್ಕಾರವು ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮಾನತೆ ನಿವಾರಣೆಗಾಗಿ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. 2002ರ ಜೂನ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಸಮಿತಿಯು 35 ಸೂಚಕಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳನ್ನೂ ಅಳೆಯಿತು. ಸಾಕ್ಷರತೆ, ಶಿಕ್ಷಕ-ವಿದ್ಯಾರ್ಥಿ ಅನುಪಾತ, ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಮಾಣ ಮುಂತಾದವು ಶಿಕ್ಷಣದ ಸೂಚಕಗಳಾಗಿದ್ದವು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಲಾಯಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ಈ 114ರ ಪಟ್ಟಿಯಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂ. ವೆಚ್ಚದ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು.

ಈ ಪಟ್ಟಿ ನಮ್ಮ ತಾಲ್ಲೂಕುಗಳಿಗೆ ಬಹಳ ಮುಖ್ಯವಾದುದು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯಗಳು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸೀಮಿತವಾಗಿದ್ದು, ಬೆಳಗಾವಿ ವಿಭಾಗಕ್ಕೆ ಸೇರಿದ ಹಾವೇರಿ ಅದರ ಹೊರಗಿದೆ. ಆದ್ದರಿಂದ ಪ್ರಾದೇಶಿಕ ಹಿಂದುಳಿದಿರುವಿಕೆಯ ಆಧಾರದ ಮೇಲೆ ಹೆಚ್ಚುವರಿ ಹಣ ಕೇಳಲು ಈ ತಾಲ್ಲೂಕುಗಳಿಗೆ ಮುಖ್ಯ ಆಧಾರವಾಗಿ ಉಳಿದಿರುವುದು ಈ ಸೂಚ್ಯಂಕವೇ.

ಆದರೆ ಈ ತಕ್ಕಡಿಗೆ ಮುದ್ರೆ ಬಿದ್ದು ಎಷ್ಟು ಕಾಲವಾಯಿತು? ವಿಶೇಷ ಅಭಿವೃದ್ಧಿ ಯೋಜನೆ ಕಾರ್ಯಗತವಾಗತೊಡಗಿದ್ದೇ 2007-08ರಲ್ಲಿ, ಅಂದರೆ ವರದಿ ಬಂದು ಐದು ವರ್ಷಗಳ ಅನಂತರ. ಎಂಟು ವರ್ಷಗಳ ಅವಧಿ ಮುಗಿದ ಮೇಲೂ ಅದೇ ಪಟ್ಟಿಯ ಮೇಲೆ ಯೋಜನೆಯನ್ನು ಮುಂದುವರಿಸುತ್ತ ಬರಲಾಯಿತು. ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾದದ್ದು 2024ರಲ್ಲಿ. ವರದಿಯಿಂದ ಹೊಸ ಸಮಿತಿಯ ರಚನೆಗೆ ಇಪ್ಪತ್ತೆರಡು ವರ್ಷ! 2002ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಓದು ಮುಗಿಸಿ, ತನ್ನ ಮಗುವನ್ನು ಅದೇ ಶಾಲೆಗೆ ಕಳಿಸುವ ವಯಸ್ಸಿಗೆ ಬಂದಿತ್ತು. ಅಳತೆಯ ಘಟಕವೂ ಅಷ್ಟರಲ್ಲಿ ಬದಲಾಗಿತ್ತು. ಹಿರೇಕೆರೂರಿನಿಂದ ರಟ್ಟೀಹಳ್ಳಿ ಪ್ರತ್ಯೇಕ ತಾಲ್ಲೂಕಾಗಿದೆ. ರಾಜ್ಯದ ತಾಲ್ಲೂಕುಗಳ ಸಂಖ್ಯೆ 230ನ್ನು ಮೀರಿದೆ. ಹಳೆಯ ಹಿರೇಕೆರೂರಿಗೆ ಕಟ್ಟಿದ ಅಂಕ ಇಂದಿನ ಎರಡು ತಾಲ್ಲೂಕುಗಳಲ್ಲಿ ಯಾವುದಕ್ಕೆ ಸಲ್ಲಬೇಕು ಎಂಬುದಕ್ಕೆ 2002ರ ಸೂತ್ರದಲ್ಲಿ ಉತ್ತರವಿಲ್ಲ.

ಸಂವಿಧಾನ ಹೇಳಿದ ಅವಧಿ

ವಾಸ್ತವದಲ್ಲಿ ಈ ಪ್ರಶ್ನೆಗೆ ನಮ್ಮ ಸಂವಿಧಾನವೇ ಒಂದು ಮಾದರಿಯನ್ನು ಒದಗಿಸಿದೆ. 280ನೆಯ ವಿಧಿಯಂತೆ ಕೇಂದ್ರ ಹಣಕಾಸು ಆಯೋಗವನ್ನೂ, 243-ಐ ವಿಧಿಯಂತೆ ರಾಜ್ಯ ಹಣಕಾಸು ಆಯೋಗವನ್ನೂ ಐದು ವರ್ಷಗಳಿಗೊಮ್ಮೆ ನೇಮಿಸತಕ್ಕದ್ದು. ಕೇಂದ್ರದಲ್ಲಿ ಈ ಕ್ರಮ ಬಹುಮಟ್ಟಿಗೆ ನಡೆದುಬಂದಿದೆ. ರಾಜ್ಯದಲ್ಲಿ ಮೊದಲ ಆಯೋಗ 1994ರಲ್ಲಿ, ಎರಡನೆಯದು 2000ದಲ್ಲಿ, ಮೂರನೆಯದು 2006ರಲ್ಲಿ, ನಾಲ್ಕನೆಯದು 2015ರಲ್ಲಿ, ಐದನೆಯದು 2023ರಲ್ಲಿ ರಚನೆಯಾದವು. ಆರು, ಆರು, ಒಂಬತ್ತು, ಎಂಟು ವರ್ಷಗಳ ಅಂತರ! ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಲೆಕ್ಕಶೀರ್ಷಿಕೆಗಳ ಮೂಲಕವೇ ಶಾಲಾ ಶಿಕ್ಷಣದ ಗಣನೀಯ ವೆಚ್ಚ ಹರಿದುಬರುವುದರಿಂದ ಈ ವಿಳಂಬ ಶಾಲೆಗಳಿಗೂ ತಟ್ಟುತ್ತದೆ. ಅವಧಿಯನ್ನು ಬರೆದಿಟ್ಟರೆ ಸಾಲದು, ಅದನ್ನು ಪಾಲಿಸುವ ವ್ಯವಸ್ಥೆಯೂ ಬೇಕು ಎಂಬುದೇ ಇದರ ಪಾಠ.

ಅನ್ಯ ದೇಶಗಳಲ್ಲಿ ಇದಕ್ಕೆ ಕಾನೂನಿನ ಬಲ ಕೊಟ್ಟ ನಿದರ್ಶನಗಳಿವೆ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಶಾಲಾ ಅನುದಾನದ ಮಾದರಿಯನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ ಶಾಸನಸಭೆ ಪುನಃ ಅಳೆದು ಸರಿಪಡಿಸಬೇಕು. ನಡುವಿನ ವರ್ಷಗಳಲ್ಲಿ ಬೆಲೆಯೇರಿಕೆಗೆ ಪ್ರತ್ಯೇಕ ಹೊಂದಾಣಿಕೆಯ ಕ್ರಮವಿದೆ. ಬ್ರೆಜಿಲ್ ದೇಶವು 2020ರ ಸಂವಿಧಾನ ತಿದ್ದುಪಡಿಯಲ್ಲಿ ತನ್ನ ಮೂಲಶಿಕ್ಷಣ ನಿಧಿಯ ನಿಯಮಗಳನ್ನು ಮೊದಲು ಆರನೆಯ ವರ್ಷದಲ್ಲಿ, ಅನಂತರ ಹತ್ತು ವರ್ಷಕ್ಕೊಮ್ಮೆ ಪರಿಶೀಲಿಸಬೇಕೆಂದು ವಿಧಿಸಿಕೊಂಡಿತು.

ಮೇಲಿಂದ ಮೇಲೆ ಬದಲಿಸುವುದೂ ಹಿತವಲ್ಲ

ಹಾಗಾದರೆ ಎಲ್ಲವನ್ನೂ ವರ್ಷವರ್ಷ ಪರಿಷ್ಕರಿಸಬಹುದಲ್ಲವೇ ಎಂದು ಕೇಳಬಹುದು. ಇದಕ್ಕೆ ಮೂರು ಆಕ್ಷೇಪಗಳಿವೆ. ಪ್ರಥಮತಃ, ತೂಕಗಳು ವರ್ಷವರ್ಷ ಬದಲಾದರೆ ಯಾವ ಶಾಲೆಯೂ ಎರಡು ವರ್ಷದ ಕಾಮಗಾರಿಯನ್ನು ಧೈರ್ಯವಾಗಿ ಕೈಗೊಳ್ಳಲಾರದು. ದ್ವಿತೀಯತಃ, ಪ್ರತಿ ಪರಿಷ್ಕರಣೆಯೂ ಒತ್ತಡ ತರುವವರಿಗೆ ಬಾಗಿಲು ತೆರೆದಂತೆ. ಬೆಂಗಳೂರಿಗೆ ಹತ್ತಿರವಿರುವವರ ದನಿ ಹಿರೇಕೆರೂರಿನ ದನಿಗಿಂತ ಬೇಗ ಕೇಳಿಸುತ್ತದೆ. ತೃತೀಯತಃ, ಸರಿಯಾದ ಅಂಕಿ ಅಂಶಗಳಿಲ್ಲದೆ ಮಾಡಿದ ಪರಿಷ್ಕರಣೆ ಹಳೆಯ ತಪ್ಪಿಗೆ ಹೊಸ ದಿನಾಂಕ ಹಾಕಿದಂತಾಗುತ್ತದೆ. 2021ರ ಜನಗಣತಿ ನಡೆಯಲಿಲ್ಲ. ಮುಂದಿನ ಜನಗಣತಿಯ ನಿರ್ದೇಶಕ ದಿನಾಂಕ 2027ರ ಮಾರ್ಚ್ 1 ಎಂದು ಗೊತ್ತಾಗಿದೆ. ಹಾವೇರಿ ಜಿಲ್ಲೆಯ ಸಾಕ್ಷರತೆ ಶೇ. 77.40 ಎಂದು ನಾವು ಹೇಳುವುದು 2011ರ ಎಣಿಕೆಯನ್ನು ಹಿಡಿದು.

ಇನ್ನೊಂದು ಕಟು ಸತ್ಯವನ್ನೂ ಮನಗಾಣಬೇಕು. ಪರಿಷ್ಕರಣೆ ಎಂದರೆ ಹೆಚ್ಚಳವೆಂದೇ ಅರ್ಥವಲ್ಲ. ಹದಿನಾಲ್ಕನೆಯ ಹಣಕಾಸು ಆಯೋಗದ ಕಾಲದಲ್ಲಿ ಕೇಂದ್ರ ತೆರಿಗೆಯ ವಿಭಾಜ್ಯ ನಿಧಿಯಲ್ಲಿ ಶೇ. 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯ ಆಯೋಗದ ಪರಿಷ್ಕರಣೆಯಲ್ಲಿ ಶೇ. 3.647ಕ್ಕೆ ಇಳಿದುದು ಎಲ್ಲರ ನೆನಪಿನಲ್ಲಿದೆ. ಅದೇ ರೀತಿ ತಾಲ್ಲೂಕುಗಳನ್ನು ಮತ್ತೆ ಅಳೆದಾಗ ನಮ್ಮ ನಾಲ್ಕರಲ್ಲಿ ಒಂದೆರಡು ಹಿಂದುಳಿದವುಗಳ ಪಟ್ಟಿಯಿಂದ ಹೊರಬಿದ್ದು ಹೆಚ್ಚುವರಿ ಹಣ ಕಳೆದುಕೊಳ್ಳಬಹುದು. ಹಾಗೆಂದು ಅಳೆಯುವುದೇ ಬೇಡವೆನ್ನುವುದು ನ್ಯಾಯವಲ್ಲ; ತಕ್ಕಡಿ ನಮ್ಮ ಕಡೆ ವಾಲಿದಾಗ ಮಾತ್ರ ಅದನ್ನು ನೆಚ್ಚುತ್ತೇವೆ ಎನ್ನುವ ವ್ಯಾಪಾರಿಯನ್ನು ಪೇಟೆ ನಂಬುವುದಿಲ್ಲ. ಅಂತಹ ತಾಲ್ಲೂಕಿನ ಅನುದಾನವನ್ನು ಒಮ್ಮೆಲೇ ಕತ್ತರಿಸದೆ ಮೂರು ವರ್ಷಗಳಲ್ಲಿ ಹಂತಹಂತವಾಗಿ ಇಳಿಸಬೇಕೆಂದು ಸೂತ್ರದಲ್ಲಿಯೇ ಸೇರಿಸುವುದು ಸರಿಯಾದ ಮಾರ್ಗ.

ನಮ್ಮ ಅಭಿಪ್ರಾಯ

ಮೇಲಿನ ವಿವೇಚನೆಯಿಂದ ಈ ಕೆಳಗಿನ ಕ್ರಮ ಸೂಕ್ತವೆಂದು ತೋರುತ್ತದೆ.

1. ದರಗಳು: ಪ್ರತಿ ವರ್ಷ, ಬೆಲೆ ಸೂಚ್ಯಂಕಕ್ಕೆ ಜೋಡಿಸಿ, ಶಾಲೆಗಳು ಆರಂಭವಾಗುವ ಮೊದಲೇ ತಾನಾಗಿ ಪರಿಷ್ಕರಣೆಯಾಗಬೇಕು. ಇದಕ್ಕೆ ಸಮಿತಿಯೂ ಬೇಡ, ಮನವಿಯೂ ಬೇಡ.

2. ಎಣಿಕೆ: ಪ್ರತಿ ವರ್ಷದ ಯು-ಡೈಸ್ ದಾಖಲೆಯಿಂದ. ಒಂದು ವರ್ಷದ ಏರಿಳಿತಕ್ಕೆ ಶಾಲೆ ಬಲಿಯಾಗದಂತೆ ಮೂರು ವರ್ಷಗಳ ಸರಾಸರಿಯನ್ನು ಹಿಡಿಯಬೇಕು. ಮೆಟ್ಟಿಲುಗಳ ಬದಲು ಪ್ರತಿ ಶಾಲೆಗೂ ಒಂದು ಸ್ಥಿರ ಮೊತ್ತ, ಅದರ ಮೇಲೆ ಮಗುವಿಗಿಷ್ಟು ಎಂಬ ಪದ್ಧತಿ ಬರಬೇಕು.

3. ತೂಕಗಳು: ಐದು ವರ್ಷಕ್ಕೊಮ್ಮೆ, ರಾಜ್ಯ ಹಣಕಾಸು ಆಯೋಗದ ಅವಧಿಯೊಡನೆ. ತಾಲ್ಲೂಕಿನ ಒಳಗಿನ ವ್ಯತ್ಯಾಸ, ಮಳೆ, ಕಟ್ಟಡಗಳ ವಯಸ್ಸು ಇವೂ ಲೆಕ್ಕಕ್ಕೆ ಬರಬೇಕು.

4. ತಳಹದಿ: ಹತ್ತು ವರ್ಷಕ್ಕೊಮ್ಮೆ, ಜನಗಣತಿಯ ಅಂಕಿ ಅಂಶ ಪ್ರಕಟವಾದ ಮೇಲೆ. ಜನಗಣತಿ ತಡವಾದರೂ ಪರಿಶೀಲನೆ ತಡವಾಗದಂತೆ ಕೊನೆಯ ದಿನಾಂಕವನ್ನು ಶಾಸನದಲ್ಲಿಯೇ ನಮೂದಿಸಬೇಕು.

ಸದಸ್ಯರು ಮಾಡಬಹುದಾದದ್ದು

ನಮ್ಮ ಸದಸ್ಯರಲ್ಲಿ ಅನೇಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳೊಡನೆ ಸಂಪರ್ಕವುಳ್ಳವರು; ಊರಿನ ಶಾಲೆಗೆ ಗಡಿಯಾರ, ಬೆಂಚು, ನೀರಿನ ಟ್ಯಾಂಕು ಕೊಟ್ಟವರು. ದಾನ ಶ್ಲಾಘನೀಯವೇ. ಆದರೆ ಸೂತ್ರದ ಕೊರತೆಯನ್ನು ವರ್ಷವರ್ಷವೂ ದಾನದಿಂದ ತುಂಬುತ್ತ ಹೋದರೆ ಕೊರತೆ ಕಣ್ಣಿಗೆ ಬೀಳದೆ ಉಳಿಯುತ್ತದೆ. ಅದಕ್ಕೆ ಬದಲಾಗಿ, ಸಮೀಪದ ಒಂದು ಸರ್ಕಾರಿ ಶಾಲೆಯ ಐದು ವರ್ಷದ ಅನುದಾನ ಮತ್ತು ಖರ್ಚಿನ ಪಟ್ಟಿಯನ್ನು ಮುಖ್ಯೋಪಾಧ್ಯಾಯರಿಂದ ಪಡೆದು, ಅದೇ ಐದು ವರ್ಷದ ಪೇಟೆ ಧಾರಣೆಯೊಡನೆ ಹೋಲಿಸಿ ನೋಡಬಹುದು. ಎಣ್ಣೆ, ಬೇಳೆ, ಸುಣ್ಣ, ಸಿಮೆಂಟು, ಹಂಚು ಇವುಗಳ ಹಳೆಯ ದರಗಳು ನಮ್ಮ ಅಂಗಡಿಗಳ ಕಿರ್ದಿ ಪುಸ್ತಕಗಳಲ್ಲಿಯೇ ಇವೆ. ನಾಲ್ಕು ತಾಲ್ಲೂಕುಗಳಿಂದ ಇಂತಹ ಇಪ್ಪತ್ತು ಶಾಲೆಗಳ ಲೆಕ್ಕ ಸಿದ್ಧವಾದರೂ ಯಾವ ಆಯೋಗದ ಮುಂದೆಯೂ ಇಡಬಹುದಾದ ದಾಖಲೆ ಅದಾಗುತ್ತದೆ. ಹಿಂದುಳಿದವರೆಂದು ಹೇಳಿಕೊಳ್ಳುವುದಕ್ಕಿಂತ ಲೆಕ್ಕ ತೋರಿಸಿ ಕೇಳುವುದು ವ್ಯಾಪಾರಿಗೆ ಒಪ್ಪುವ ರೀತಿ. ಮುಂದಿನ ಪರಿಷ್ಕರಣೆಗೆ ಮತ್ತೆ ಇಪ್ಪತ್ತೆರಡು ವರ್ಷ ಕಾಯುವಂತಾಗಬಾರದು.